ಸಂದೂಬಿ ಮನೆಯ ಕೈ

ಸೆಪ್ಟೆಂಬರ್ 6, ಮಂಗಳವಾರ

ನಮ್ಮವರು ತೀರಿಕೊಂಡ ನಲವತ್ತನೆಯ ದಿನವೂ ಮುಗಿಯಿತು. ಖುರಾನ್ ಓದಿದವರು, ಸಕ್ಕರೆಯಿಲ್ಲದ ಕಾಫಿ ಕುಡಿದವರು, ಅತ್ತವರು, ಅತ್ತ ಹಾಗೆ ಮಾಡಿದವರು ಎಲ್ಲರೂ ಹೋದರು. ಬಾಡಿಗೆ ಕುರ್ಚಿಗಳೂ ಹೋದವು.

ಮನೆಯಲ್ಲಿ ಮಾತೆಲ್ಲ ನಮ್ಮವರದೇ ಇತ್ತು. ನಾನು ಹ್ಞೂಂ ಅನ್ನುತ್ತಿದ್ದೆ. ಮೂವತ್ತೆರಡು ವರ್ಷ ಹ್ಞೂಂ ಅಂದವಳಿಗೆ ಈಗ ಹ್ಞೂಂ ಅನ್ನಲೂ ಏನೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪುಸ್ತಕ ಅವರದು. ಮನೆ ನೋಡಲು ಬಂದವರ ಹೆಸರು ಬರೆದುಕೊಳ್ಳಲು ಪುರಾತತ್ವ ಇಲಾಖೆಯವರು ಕೊಟ್ಟದ್ದು. ನಾಲ್ಕು ಪುಟ ಮಾತ್ರ ತುಂಬಿಸಿದ್ದಾರೆ. ಕೊನೆಯ ಸಾಲು: "ಇಬ್ಬರು ಜರ್ಮನರು, ಒಂದು ಮದುವೆ ದಿಬ್ಬಣ, ಒಂದು ಮೇಕೆ."

ನದಿ ದಡದ ರಶೀದ್ ಪಟ್ಟಣದ ಈ ಸಂದೂಬಿ ಮನೆಗೆ ಅವರು ಕಾವಲುಗಾರರಾಗಿದ್ದರು, ಬಂದವರಿಗೆ ತೋರಿಸುವವರೂ ಅವರೇ. ಅಕ್ಕಿ ವ್ಯಾಪಾರಿ ಸಂದೂಬಿ ಕಟ್ಟಿಸಿದ ಮೂರಂತಸ್ತಿನ ಇಟ್ಟಿಗೆ ಮನೆ, ಈಗ ಮ್ಯೂಸಿಯಂ. ಅಂಗಳದ ಪಕ್ಕದ ಕೋಣೆಯಲ್ಲಿ ನಮ್ಮ ವಾಸ. ನಾನು ಗುಡಿಸಿ ಒರೆಸುವವಳು.

ಇವತ್ತು ಮೆಟ್ಟಿಲ ಪಕ್ಕದ ಗೋಡೆ ಒರೆಸಿದೆ. ಅಲ್ಲಿರುವ ಕೈ ಗುರುತನ್ನು ಬಿಟ್ಟು ಸುತ್ತಲೂ ಒರೆಸಿದೆ.

ಸೆಪ್ಟೆಂಬರ್ 8, ಗುರುವಾರ

ಮೇಲಧಿಕಾರಿಯಾಗಿ ಬಂದಿರುವ ಹುಡುಗಿ ಡಾಕ್ಟರ್ ರಗ್ದಾ. ಮದ್ದು ಕೊಡುವ ಡಾಕ್ಟರಲ್ಲ, ಹಳೇ ಕಟ್ಟಡ ಓದಿ ಡಾಕ್ಟರಾದವಳು. ಬೀದಿಯವರಿಗೆ ಇದು ಇನ್ನೂ ತಲೆಗೆ ಹೋಗಿಲ್ಲ.

"ಹಾಗ್ಗಾ ಇನ್ಸಾಫ್, ಈ ಮನೆ ಊರಿನದು. ಊರವರೇ ಒಳಗೆ ಕಾಲಿಡಲ್ಲ ಅಂದ್ರೆ ಹೇಗೆ?" ಎಂದಳು, ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಹಾಗ್ಗಾ ಎಂದು ಕರೆಯುತ್ತ. "ಇನ್ಮೇಲೆ ಗುರುವಾರ ಗುರುವಾರ ಮಧ್ಯಾಹ್ನದ ಮೇಲೆ ನೆರೆಹೊರೆಯವರ ಕೂಟ ಮಾಡೋಣ. ಅವರವರ ಮನೆ ಹಳೇ ಸಾಮಾನು ತರ್ಲಿ, ಹಳೇ ಕಥೆ ಹೇಳ್ಲಿ. ಚಹಾ ನಿಮ್ಮದು."

ಗಂಡ ಹೋದವಳ ಈ ಕಪ್ಪು ಬಟ್ಟೆಯಲ್ಲಿ ಜನರ ಮುಂದೆ ಬರಲಾರೆ ಅಂದೆ.

"ಬರೋದೇ ಬೇಡ. ಕಪಾಟಿದೆಯಲ್ಲ!"

ಮಹಡಿಯಲ್ಲಿ ಗಂಡಸರ ಹಜಾರಕ್ಕೂ ಹೆಂಗಸರ ಕೋಣೆಗೂ ನಡುವಿನ ಗೋಡೆಯಲ್ಲಿ ಮರದ ತಿರುಗು ಕಪಾಟು ಇದೆ. ಈ ಕಡೆಯಿಂದ ತಟ್ಟೆ ಇಟ್ಟು ತಿರುಗಿಸಿದರೆ ಆ ಕಡೆ ಗಂಡಸರ ಕೈಗೆ ಸಿಗುತ್ತದೆ. ಮುಖ ಕಾಣುವುದಿಲ್ಲ. ನೂರು ವರ್ಷದಿಂದ ಕೆಲಸವಿಲ್ಲದೆ ನಿಂತಿತ್ತು, ಪಾಪ. ಎಣ್ಣೆ ಬಿಟ್ಟೆ. ಒಮ್ಮೆ ಕಿರುಗುಟ್ಟಿ ತಿರುಗಿತು.

ಸೆಪ್ಟೆಂಬರ್ 15, ಗುರುವಾರ

ಏಳು ಜನ ಬಂದಿದ್ದರು. ಒಬ್ಬರು ತುಕ್ಕು ಹಿಡಿದ ಬೀಗ ತಂದರು. ಉಪ್ಪುಮೀನು ಮಾರುವ ಬದೀಆ ತನ್ನ ಮಂಡಿ ತಂದಳು.

"ಡಾಕ್ಟ್ರೇ, ಮೆಟ್ಲು ಹತ್ತುವಾಗ ಕಟಕ್ ಅನ್ನುತ್ತೆ ನೋಡಿ."

"ನಾನು ಕಟ್ಟಡಗಳ ಡಾಕ್ಟರ್, ಹಾಗ್ಗಾ."

"ನಂದೂ ಹಳೇ ಕಟ್ಟಡಾನೇ ಕಣಮ್ಮ."

ಆಮೇಲೆ ಫಿಕ್ರಿ ಮೇಷ್ಟ್ರು ಎದ್ದರು. ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ಎಂದೂ ಸುಳ್ಳು ಹೇಳಿದವರಲ್ಲ, ಅದಕ್ಕೇ ಅವರನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ. ಕಪಾಟಿನ ಸಂದಿಯಿಂದ ಅವರ ಬೆನ್ನು ಮಾತ್ರ ಕಾಣುತ್ತಿತ್ತು.

"ಕೆಳಗಿನ ಗೋಡೆ ಮೇಲಿರೋ ರಕ್ತದ ಕೈಯನ್ನೇ ತಗೊಳ್ಳಿ. ತೋರುಬೆರಳ ತುದಿ ಇಲ್ಲ. ಇಂಗ್ಲಿಷ್ ಸೈನ್ಯ ಊರಿಗೆ ನುಗ್ಗಿದ ದಿನ ಸಂದೂಬಿಯ ಬೆರಳು ಕತ್ತಿಗೆ ಹೋಯ್ತು, ರಕ್ತದ ಕೈಲೇ ಗೋಡೆ ಹಿಡ್ಕೊಂಡ, ಹೀಗಂತ ಆ ಕಾವಲುಗಾರ ಶಹ್ಹಾತ ಬಂದವರಿಗೆಲ್ಲ ಊದಿಬಿಟ್ಟ. ಇಂಗ್ಲಿಷರು ಬಂದಿದ್ದು ಸಾವಿರದ ಎಂಟುನೂರ ಏಳರಲ್ಲಿ. ಸಂದೂಬಿ ಸತ್ತಿದ್ದು ಅದಕ್ಕೂ ಒಂಬತ್ತು ವರ್ಷ ಮುಂಚೆ. ಗೋರಿ ಮೇಲೆ ಕೆತ್ತಿದೆ. ಸತ್ತವನು ಎದ್ದುಬಂದು ಬೆರಳು ಕೊಯ್ಸಿಕೊಂಡ್ನಾ?"

ಎಲ್ಲರೂ ನಕ್ಕರು. ಐವತ್ತು ದಿನದ ಹಿಂದೆ ನಮ್ಮವರ ಶವ ಹೊತ್ತವರೇ ನಕ್ಕರು. ನನ್ನ ಕೈಯಲ್ಲಿ ಚಹಾ ತಟ್ಟೆ ಇತ್ತು.

"ಅಪ್ಪ ಅಲ್ಲ. ಮಗ."

ಹೇಳಿದವಳು ನಾನೇ.

"ಅಯ್ಯಯ್ಯೋ, ಕಪಾಟು ಮಾತಾಡ್ತು!" ಎಂದಳು ಬದೀಆ.

"ಯಾವ ಮಗ? ಹೆಸರೇನು?" ಮೇಷ್ಟ್ರು ಗೋಡೆಗೆ ತಿರುಗಿದರು.

"ಹೆಸರು ತಗೊಂಡು ಅವನ ಮನೇಲಿ ಊಟ ಮಾಡ್ತೀರಾ? ಚಹಾ ಆರುತ್ತೆ ಮೇಷ್ಟ್ರೇ." ತಟ್ಟೆ ಇಟ್ಟು ತಿರುಗಿಸಿದೆ.

ಈ ಸಲ ನಕ್ಕದ್ದು ಮೇಷ್ಟ್ರನ್ನು ನೋಡಿ.

ಸೆಪ್ಟೆಂಬರ್ 16, ಶುಕ್ರವಾರ

ತಪ್ಪು ಮಾಡಿದೆ. ಬೆಳಗಿನಿಂದ ಮನಸ್ಸು ಸರಿಯಿಲ್ಲ. ಮಗನೂ ಇಲ್ಲ, ಮಣ್ಣೂ ಇಲ್ಲ. ಯಾರಿಗೂ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ.

ಇಪ್ಪತ್ತೆಂಟು ವರ್ಷದ ಹಿಂದೆ ನನಗೆ ಕರುಳಿನ ಜ್ವರ. ದಮನ್ಹೂರಿನ ಆಸ್ಪತ್ರೆಯಲ್ಲಿ ಐದು ವಾರ. ನಾನು ಬದುಕಿ ಬಂದರೆ ಕುರಿ ಕೊಯ್ಯುತ್ತೇನೆಂದು ಇವರು ಹರಕೆ ಹೊತ್ತಿದ್ದರು. ಬಂದೆ. ಅಂಗಳದಲ್ಲೇ ಕುರಿ ಕೊಯ್ದರು. ಕೊಯ್ದ ಮೇಲೆ ಕಣ್ಣು ತಾಗದಿರಲೆಂದು ರಕ್ತದ ಅಂಗೈಯನ್ನು ಮನೆಯ ಗೋಡೆಗೆ ಒತ್ತುತ್ತೇವಲ್ಲ, ಅಪ್ಪ ಅಜ್ಜ ಎಲ್ಲ ಒತ್ತಿದ ಹಾಗೆ ಇವರೂ ಒತ್ತಿದರು. ಸಂತೋಷದಲ್ಲಿ ಎದುರಿಗಿದ್ದ ಗೋಡೆಗೇ ಒತ್ತಿದರು. ಅದು ಸರ್ಕಾರದ ಗೋಡೆ, ಇನ್ನೂರೈವತ್ತು ವರ್ಷದ ಗೋಡೆ ಎಂಬುದು ಒತ್ತಿದ ಮೇಲೆ ನೆನಪಾಯಿತು. ಬೆರಳ ತುದಿ ಹುಡುಗನಾಗಿದ್ದಾಗಲೇ ದೋಣಿ ಹಗ್ಗಕ್ಕೆ ಹೋಗಿತ್ತು.

ಮಾರನೆಯ ದಿನವೇ ಇನ್ಸ್‌ಪೆಕ್ಟರ್ ಬಂದರು. "ಇದೇನು?" ಅಂದರು. "ಸಂದೂಬಿ ಕಾಲದ್ದು ಸಾರ್," ಅಂದರು ನಮ್ಮವರು. ಇನ್ನೂ ಸರಿಯಾಗಿ ಒಣಗಿರಲಿಲ್ಲ.

ಸೆಪ್ಟೆಂಬರ್ 29, ಗುರುವಾರ

ಮೂವತ್ತೆಂಟು ಜನ. ಚಾಪೆ ಸಾಲಲಿಲ್ಲ. ಕಪಾಟಿನ ಮಾತು ಕೇಳಬೇಕಂತೆ.

ನಾನು ಹೆಚ್ಚೇನೂ ಮಾತಾಡಲಿಲ್ಲ. ಸಂದೂಬಿಯ ಸೊಸೆಯ ವಿಷಯ ಎರಡು ಮಾತು ಹೇಳಿದೆ, ಅಷ್ಟೇ. ಅವಳು ಇದೇ ಕಪಾಟಿನ ಹಿಂದೆ ನಿಂತು ಗಂಡಸರ ವ್ಯಾಪಾರದ ಮಾತೆಲ್ಲ ಕೇಳಿ, ಮೋಸಗಾರ ಬಂದ ದಿನ ಅನ್ನದಲ್ಲಿ ಕಲ್ಲು ಹಾಕಿ ಕಳಿಸುತ್ತಿದ್ದಳು, ಮಾವನ ಹಲ್ಲು ಕಟುಂ ಅಂದ ಕೂಡಲೇ ಅವನು ವ್ಯಾಪಾರ ಮುರಿಯುತ್ತಿದ್ದ ಎಂದೆ. ಅವಳ ತವರು ದಮಿಯತ್ತಾ, ಜಿಪುಣರ ಊರು, ಅದಕ್ಕೇ ಕೈ ಬಿಗಿ ಎಂದೆ. ಅತ್ತೆ ಸತ್ತ ದಿನ ಅತ್ತದ್ದೂ ಕಪಾಟಿನ ಹಿಂದೆಯೇ, ಯಾಕೆಂದರೆ ನಗು ಬರುತ್ತಿತ್ತು ಎಂದೆ. ಅಷ್ಟರಲ್ಲಿ ಸೂರ್ಯ ಮುಳುಗುವ ಹೊತ್ತಿನ ಮಗ್ರಿಬ್ ಬಾಂಗ್ ಕೇಳಿಸಿತು. ಕೂಟ ಶುರುವಾಗಿದ್ದು ನಾಲ್ಕಕ್ಕೆ.

ಫಿಕ್ರಿ ಮೇಷ್ಟ್ರು ಪ್ರತಿ ಮಾತಿಗೂ "ಆಧಾರ? ಆಧಾರ?" ಎನ್ನುತ್ತಿದ್ದರು. "ಆಧಾರ ಬೇಕಾದ್ರೆ ಗೋಡೆಗೆ ಒರಗಿ ಕೂತ್ಕೊಳ್ಳಿ ಮೇಷ್ಟ್ರೇ," ಅಂದೆ.

ಅಕ್ಟೋಬರ್ 2, ಭಾನುವಾರ

ನಮ್ಮವರ ಕನ್ನಡಕ ಸಿಕ್ಕಿತು. ಸಕ್ಕರೆ ಡಬ್ಬಿಯಲ್ಲಿ. ಇವತ್ತು ಚಹಾ ಮಾಡಲಿಲ್ಲ.

ಅಕ್ಟೋಬರ್ 13, ಗುರುವಾರ

ಕೂಟ ಮುಗಿದ ಮೇಲೆ ಡಾಕ್ಟರ್ ರಗ್ದಾ ಹೇಳಿದಳು: "ಇಪ್ಪತ್ತೇಳಕ್ಕೆ ಅಲೆಕ್ಸಾಂಡ್ರಿಯಾದಿಂದ ಡಾಕ್ಟರ್ ಅದ್ಲೀ ಬರ್ತಾರೆ. ಗೋಡೆಗಳನ್ನೆಲ್ಲ ನೋಡ್ತಾರೆ. ಹಳೇದು ಉಳಿಯುತ್ತೆ. ಆಮೇಲೆ ಆಗಿದ್ದನ್ನೆಲ್ಲ ಕೆರೆದು ಸುಣ್ಣ ಬಳಿಸ್ತಾರೆ. ಈ ವರ್ಷದ ಕೂಲಿ ಮಂಜೂರಾಗಿದೆ."

"ಕೈ?"

"ಅದೇ ತಲೆನೋವು. ಹಳೇ ಸರ್ವೆ ಫೋಟೋದಲ್ಲಿ ಮೆಟ್ಟಿಲ ಹತ್ರ ಬರೀ ಕತ್ತಲು. ಹಳೇದು ಅನ್ನೋಕೆ ಕಾಗದ ಇಲ್ಲ. ಊರವರ ಮಾತು ಕೇಳಿ ತೀರ್ಮಾನ ಮಾಡ್ತಾರಂತೆ."

ಕೆಳಗೆ ಬಂದು ನಿಂತೆ. ಐದು ಬೆರಳು, ಅದರಲ್ಲಿ ಒಂದು ಮೋಟು. ನಮ್ಮವರ ಒಂದೇ ಒಂದು ಫೋಟೋ ಇದೆ, ಗುರುತಿನ ಚೀಟಿಯದು. ಅದರಲ್ಲಿ ಕಳ್ಳನ ಹಾಗೆ ಕಾಣುತ್ತಾರೆ. ಕೈ ಮಾತ್ರ ಅವರ ಹಾಗೇ ಇದೆ.

ಅದಕ್ಕೆ ಸುಣ್ಣ ಬಳಿಯಲು ಬಿಡುವುದಿಲ್ಲ.

ಅಕ್ಟೋಬರ್ 18, ಮಂಗಳವಾರ

ಬದೀಆಳ ಅಂಗಡಿಗೆ ನಡೆದುಕೊಂಡು ಹೋದೆ. ದಾರಿಯಲ್ಲಿ ನದಿಯ ಕಡೆಯೂ ಒಂದು ಸುತ್ತು ಹಾಕಿದೆ, ಗಾಳಿ ಚೆನ್ನಾಗಿತ್ತು. ಅವಳು ಪೀಪಾಯಿಯಿಂದ ಮೀನು ತೆಗೆಯುತ್ತಿದ್ದಳು. ನನ್ನನ್ನು ನೋಡಿ ಮೀನು ಕೈಬಿಟ್ಟಳು.

"ಏನೇ, ಕಪಾಟಿಗೆ ಕಾಲು ಬಂತಾ?"

ಒಂದು ಗುಟ್ಟು ಹೇಳಬೇಕು ಅಂದೆ. ಆ ಕೈ ಯಾರದೆಂದು ಗೊತ್ತಾ ಅಂದೆ.

"ಅಯ್ಯೋ ಹುಚ್ಚಿ, ಆ ಕುರಿ ಕರುಳು ತೊಳೆದವಳು ನಾನೇ ಅಲ್ವೇನೆ? ಇಡೀ ಬೀದಿ ಮಾಂಸ ತಿಂದಿದೆ. ತಿಂದ ಬಾಯಿಗೆ ಗುಟ್ಟೇನು? ನಿನಗೇ ಗೊತ್ತಿಲ್ಲ ಅಂದ್ಕೊಂಡು ನಾವೆಲ್ಲ ಸುಮ್ಮನಿದ್ವಿ."

ಇಪ್ಪತ್ತೆಂಟು ವರ್ಷ ನಾನು ಬೀದಿಯವರಿಂದ ಮುಚ್ಚಿಟ್ಟದ್ದನ್ನು ಬೀದಿಯವರು ನನ್ನಿಂದ ಮುಚ್ಚಿಟ್ಟಿದ್ದರು.

"ಇಪ್ಪತ್ತೇಳಕ್ಕೆ ನೀವೆಲ್ಲ ಒಂದೊಂದು ಮಾತು ಹೇಳ್ಬೇಕು," ಅಂದೆ.

"ಒಂದೊಂದಾ? ನನ್ನ ಬಾಯಿ ನಿನಗೆ ಗೊತ್ತಿಲ್ಲ."

ಎರಡು ಮೀನು ಕಟ್ಟಿಕೊಟ್ಟಳು. ಈರುಳ್ಳಿ ಹಸಿಮೆಣಸಿನ ಜೊತೆ ಎರಡನ್ನೂ ತಿಂದೆ.

ಅಕ್ಟೋಬರ್ 27, ಗುರುವಾರ

ಡಾಕ್ಟರ್ ಅದ್ಲೀ ಬಂದರು. ಬೋಳು ತಲೆ, ಒಳ್ಳೆಯ ಬೂಟು, ಕೈಯಲ್ಲಿ ಧ್ವನಿ ಹಿಡಿಯುವ ಯಂತ್ರ. ಅದನ್ನು ಕಪಾಟಿನೊಳಗೇ ಇಟ್ಟರು, ಎರಡು ಲೋಟಗಳ ನಡುವೆ.

ನಾನು ಸಂದೂಬಿಯ ಮಗನ ಕಥೆ ಹೇಳಿದೆ. ಹೇಗೆ ಮಾಳಿಗೆಯಿಂದ ಕಾದ ಎಣ್ಣೆ ಸುರಿದ, ಹೇಗೆ ಬೆರಳು ಹೋಯಿತು, ಹೇಗೆ ಹೆಂಡತಿ ತನ್ನ ಜಡೆಯ ರಿಬ್ಬನ್ನಿನಿಂದ ಕಟ್ಟಿದಳು. ರಿಬ್ಬನ್ ಹಸಿರು. ಯಾಕೆ ಹಸಿರು ಅಂದೆನೋ ಗೊತ್ತಿಲ್ಲ, ಆದರೆ ಹಸಿರು ಅಂದ ಕೂಡಲೇ ಯಾರೋ ಮೂಗು ಸುರಿಸಿದರು.

ಆಮೇಲೆ ಬೀದಿ ಕೈ ಹಚ್ಚಿತು. ಬದೀಆಳ ಮುತ್ತಜ್ಜಿಯ ಅಜ್ಜಿ ಆ ಗಾಯಕ್ಕೆ ಉಪ್ಪುಮೀನಿನ ನೀರು ಹಾಕಿದ್ದಳಂತೆ. ಬೀಗ ತಂದಿದ್ದವರ ಮನೆತನದವರು ಕತ್ತಿ ಬೀಸಿದ ಸೈನಿಕನನ್ನೇ ಸಗಣಿಯ ಗುಂಡಿಗೆ ತಳ್ಳಿದ್ದರಂತೆ. ಒಬ್ಬಾಕೆ ಆ ಬೆರಳು ತಮ್ಮ ಅಟ್ಟದಲ್ಲೇ ಇತ್ತು, ಬೆಕ್ಕು ಒಯ್ಯಿತು ಎಂದು ಆಣೆ ಇಟ್ಟಳು.

ಫಿಕ್ರಿ ಮೇಷ್ಟ್ರು ಮೂರು ಸಲ ಎದ್ದರು. ಮೂರು ಸಲವೂ ಹೆಂಗಸರು ಅವರ ಅಂಗಿ ಹಿಡಿದು ಕೂರಿಸಿದರು. "ಕಪಾಟು ಮಾತಾಡ್ತಿದೆ, ಸುಮ್ನಿರಿ."

ಅದ್ಲೀ ಯಂತ್ರ ಆರಿಸಿ ಎದ್ದರು. "ಇಂಥ ಬಾಯಿಮಾತಿನ ಚರಿತ್ರೆ ನಾನು ಎಲ್ಲೂ ಕೇಳಿಲ್ಲ," ಎಂದರು.

ನಾನು ಗೆದ್ದೆ. ಕೆಳಗೆ ಗೋಡೆಯ ಹತ್ತಿರ ಬಂದು ನಮ್ಮವರಿಗೆ ಹೇಳಿದೆ.

ಅಕ್ಟೋಬರ್ 30, ಭಾನುವಾರ

ಪತ್ರ ಬಂತು. ಡಾಕ್ಟರ್ ರಗ್ದಾ ಕುಣಿಯುತ್ತ ಓದಿದಳು.

ಕೈ ತುಂಬ ಅಮೂಲ್ಯವಂತೆ. ಇಂಥ ತೇವದ ಮನೆಯಲ್ಲಿ ಬಿಡಬಾರದಂತೆ. ಗುರುವಾರ ಇಬ್ಬರು ಬಂದು ಗಾರೆಯ ಸಮೇತ ಅದನ್ನು ಕೊಯ್ದು, ಪೆಟ್ಟಿಗೆಯಲ್ಲಿಟ್ಟು ಅಲೆಕ್ಸಾಂಡ್ರಿಯಾದ ದೊಡ್ಡ ಮ್ಯೂಸಿಯಂಗೆ ಒಯ್ಯುತ್ತಾರಂತೆ.

ಕೂತುಬಿಟ್ಟೆ.

"ಸಂತೋಷಕ್ಕೆ ಕೂತೇಬಿಟ್ರಾ, ಹಾಗ್ಗಾ?" ಎಂದಳು.

ನವೆಂಬರ್ 1, ಮಂಗಳವಾರ

ನಿನ್ನೆ ಡಾಕ್ಟರ್ ರಗ್ದಾಳಿಗೆ ನಿಜ ಹೇಳಿದೆ. ಕುರಿ, ಹರಕೆ, ಜ್ವರ, ಎಲ್ಲ.

ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಕೈ ಹೋಗೋದು ನಿಮಗೆ ಇಷ್ಟ ಇಲ್ಲ, ಗೊತ್ತಾಗುತ್ತೆ. ಆದ್ರೆ ಈ ಕಥೆ ಆ ಹಸಿರು ರಿಬ್ಬನ್ ಕಥೆಯಷ್ಟು ಚೆನ್ನಾಗಿಲ್ಲ, ಹಾಗ್ಗಾ."

ಬದೀಆ ಅದ್ಲೀಗೆ ಫೋನ್ ಮಾಡಿ ತಾನೇ ಕರುಳು ತೊಳೆದೆ ಎಂದಳು. ಹೋದ ವಾರ ಮುತ್ತಜ್ಜಿಯ ಅಜ್ಜಿ ಆ ಗಾಯಕ್ಕೆ ಮೀನಿನ ನೀರು ಹಾಕಿದಳು ಅಂದಿದ್ದಿರಲ್ಲ ಎಂದು ಅವರು ಕೇಳಿದರಂತೆ. "ಆ ಅಜ್ಜಿ ಸುಳ್ಳಿ ಸಾರ್" ಅಂದಳಂತೆ. ಫೋನ್ ಇಟ್ಟರಂತೆ.

ಇಡೀ ಊರಿನಲ್ಲಿ ಮಾತಿಗೆ ಬೆಲೆ ಇರುವವರು ಒಬ್ಬರೇ ಉಳಿದಿದ್ದಾರೆ. ಇವತ್ತು ಅವರ ಬಾಗಿಲು ತಟ್ಟಿದೆ.

ಮೇಷ್ಟ್ರು ಒಬ್ಬರೇ ಕೂತು ಬ್ರೆಡ್ಡಿಗೆ ಚೀಸ್ ಹಚ್ಚುತ್ತಿದ್ದರು. ನನ್ನ ಮುಖ ಎಂದೂ ಸರಿಯಾಗಿ ನೋಡಿರಲಿಲ್ಲ. ದನಿ ಕೇಳಿದ ಮೇಲೆ ಗುರುತು ಹಿಡಿದರು.

"ಓಹೋ. ಕಪಾಟಮ್ಮ. ಆಧಾರ ಬೇಕಾಯ್ತಾ?"

"ಬೇಕಾಯ್ತು ಮೇಷ್ಟ್ರೇ."

ಅವರು ಮಂಚದ ಕೆಳಗಿಂದ ಟ್ರಂಕು ಎಳೆದು ಕಾಗದವೊಂದನ್ನು ತೆಗೆದರು. ಇಪ್ಪತ್ತೆಂಟು ವರ್ಷದ ಹಿಂದೆ ಇಲಾಖೆಗೆ ಅವರೇ ಕೊಟ್ಟ ದೂರಿನ ನಕಲು. ಮೇಲೆ ಇಲಾಖೆಯ ಮೊಹರು, ತಾರೀಖು, ನಂಬರು. ಕಾವಲುಗಾರ ಶಹ್ಹಾತ ಪ್ರಾಚೀನ ಗೋಡೆಗೆ ಕುರಿಯ ರಕ್ತ ಮೆತ್ತಿದ್ದಾನೆ, ಕ್ರಮ ಜರುಗಿಸಬೇಕು ಎಂದಿತ್ತು.

"ಉತ್ತರ ಇನ್ನೂ ಬಂದಿಲ್ಲ," ಎಂದರು.

"ನಿಮಗೂ ಮಾಂಸ ಕಳಿಸಿದ್ವಲ್ಲ ಮೇಷ್ಟ್ರೇ?"

"ತಿಂದೆ. ತಿಂದು ಕೈ ತೊಳ್ಕೊಂಡೇ ಬರೆದೆ." ಕಾಗದ ಮಡಚಿದರು. "ತರ್ತೀನಿ. ಒಂದು ಷರತ್ತು. ಕಪಾಟಿನ ಹಿಂದಿಂದ ಅಲ್ಲ. ಎಲ್ಲರ ಎದುರು ಬಂದು ನಿಂತು ಹೇಳ್ಬೇಕು, ಇಷ್ಟು ವರ್ಷ ಫಿಕ್ರಿ ಹೇಳಿದ್ದೇ ನಿಜ ಅಂತ."

ನಿಜ ಗೊತ್ತಾದರೆ ಕೈ ಕೆರೆದು ಹಾಕುತ್ತಾರಲ್ಲ ಅಂದೆ.

"ಅದು ನಿಮ್ಮ ಲೆಕ್ಕ. ನನ್ನದು ನಿಜದ್ದು ಮಾತ್ರ."

ಆ ಕೈ ಪರವೂರಿಗೆ ಹೋಗಿ ಇನ್ನೊಬ್ಬನ ಹೆಸರಲ್ಲಿ ಗಾಜಿನೊಳಗೆ ಇರುವುದಕ್ಕಿಂತ, ಹೋಗುವುದಾದರೆ ತನ್ನ ಹೆಸರಲ್ಲಿ ಈ ಗೋಡೆಯಲ್ಲೇ ಹೋಗಲಿ.

ನವೆಂಬರ್ 3, ಗುರುವಾರ

ಗರಗಸ ತಂದಿದ್ದರು. ಸಣ್ಣದು, ಹಲ್ಲು ಮಾತ್ರ ದೊಡ್ಡದು. ಕೈಯ ಸುತ್ತ ಸೀಮೆಸುಣ್ಣದಿಂದ ಚೌಕ ಎಳೆದೂ ಆಗಿತ್ತು. ಬೀದಿಯೆಲ್ಲ ಮೆಟ್ಟಿಲ ಮೇಲೆ ಸೇರಿತ್ತು.

ನಾನು ಜನರ ನಡುವೆ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತೆ.

"ಇದು ಸಂದೂಬಿಯ ಮಗನ ಕೈ ಅಲ್ಲ. ಅವನಿಗೆ ಮಗನೇ ಇದ್ನೋ ಇಲ್ವೋ ನನಗೆ ಗೊತ್ತಿಲ್ಲ. ಇದು ನನ್ನ ಗಂಡ ಶಹ್ಹಾತನ ಕೈ. ರಕ್ತ ಕುರೀದು. ಇಷ್ಟು ವರ್ಷ ಫಿಕ್ರಿ ಮೇಷ್ಟ್ರು ಹೇಳಿದ್ದೇ ನಿಜ."

ಹಿಂದಿನಿಂದ ಯಾರೋ "ವಾಹ್, ಇವತ್ತು ಕಪಾಟು ಆಚೆ ಬಂದು ಹೇಳ್ತಿದೆ!" ಎಂದು ಚಪ್ಪಾಳೆ ತಟ್ಟಿದರು. ಕೊಯ್ಯಿಸಲು ತಾವೇ ಬಂದಿದ್ದ ಅದ್ಲೀಯವರೂ ನಕ್ಕರು. ಗರಗಸದವನಿಗೆ ಕಣ್ಸನ್ನೆ ಮಾಡಿದರು.

ಆಗ ಮೇಷ್ಟ್ರು ಕಾಗದ ಕೊಟ್ಟರು.

ಅದ್ಲೀ ಓದಿದರು. ಮೊಹರನ್ನು ಬೆಳಕಿಗೆ ಹಿಡಿದರು. ಮತ್ತೆ ಓದಿದರು. ಅವರ ಮುಖದಲ್ಲಿದ್ದ ಎರಡು ಶತಮಾನ ಒಂದೊಂದಾಗಿ ಇಳಿಯಿತು.

"ಹಾಗಾದ್ರೆ ಬೆಕ್ಕು ಒಯ್ದ ಬೆರಳು?"

"ಬೆಕ್ಕು ನಿಜ ಸಾರ್," ಎಂದಿತು ಒಂದು ದನಿ.

"ಕಲೆ," ಎಂದರು ಅದ್ಲೀ. "ಬರೀ ಕಲೆ. ಕೆರೆದು ಹಾಕಿ."

ನಾನು ಕದಲಲಿಲ್ಲ. ಬೆನ್ನಿಗೆ ಗೋಡೆ ತಣ್ಣಗಿತ್ತು.

ಡಾಕ್ಟರ್ ರಗ್ದಾ ನನ್ನನ್ನೇ ನೋಡುತ್ತಿದ್ದಳು. ಮೊನ್ನೆ ನಕ್ಕ ಕಣ್ಣು ಅಲ್ಲ ಅದು. ಗಂಟಲು ಸರಿಮಾಡಿಕೊಂಡಳು.

"ಆಗಲ್ಲ ಸಾರ್. ಈ ವರ್ಷ ಕೆರೆಯೋಕೆ ಮಂಜೂರಾದ ಕೂಲಿ, ಕೊಯ್ಯೋರನ್ನ ಕರೆಸೋದಕ್ಕೇ ಖರ್ಚಾಯ್ತು. ಇನ್ನು ಕಲೆ ತೆಗೆಯೋ ಪಟ್ಟಿಗೆ ಸೇರಿಸ್ಬೇಕು. ಸರದಿ ಮುರಿಯೋ ಹಾಗಿಲ್ಲ ಅನ್ನೋ ಸುತ್ತೋಲೆಗೆ ನೀವೇ ಸಹಿ ಹಾಕಿದ್ದೀರಿ."

"ಸೇರಿಸಿ ಮತ್ತೆ!" ಎಂದು ಅವರು ಒಳ್ಳೆಯ ಬೂಟಿನಲ್ಲಿ ಹೊರಟುಹೋದರು.

ಗರಗಸದ ಇಬ್ಬರಿಗೂ ಊಟ ಹಾಕಿದೆ. ಅನ್ನ, ಹುರಿದ ಮೀನು. ಚೆನ್ನಾಗಿ ತಿಂದರು. ಮೇಷ್ಟ್ರನ್ನೂ ಕರೆದೆ. ಬಂದರು.

ನವೆಂಬರ್ 9, ಬುಧವಾರ

ಡಾಕ್ಟರ್ ರಗ್ದಾ ಪಟ್ಟಿ ತಂದು ತೋರಿಸಿದಳು. ನಮ್ಮದು ಇನ್ನೂರ ಹದಿನಾಲ್ಕನೆಯದು. ಒಂದನೆಯದು ಯಾವುದೋ ಕಮಾನಿನ ಮೇಲಿನ ಹೊಗೆಯ ಕಲೆ. ಅರ್ಜಿ ಕೊಟ್ಟ ವರ್ಷ ನೋಡಿದರೆ ಆಗ ಡಾಕ್ಟರ್ ಹುಟ್ಟಿರಲಿಲ್ಲ.

"ಸರದಿ ಬರೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ, ಹಾಗ್ಗಾ. ಮರಿಮಕ್ಕಳಿಗೆ ಹೇಳಿಟ್ಟು ಹೋಗೋಣ."

ನಿಯಮದ ಪ್ರಕಾರ ಫಲಕ ಹಾಕಬೇಕಂತೆ. ಮೇಷ್ಟ್ರು ಬರೆದುಕೊಟ್ಟರು: "ಕಲೆ. ಕಾವಲುಗಾರ ಶಹ್ಹಾತನ ಬಲಗೈ. ತೆಗೆಯಲು ಆದೇಶವಾಗಿದೆ." ಅದರಲ್ಲಿ ಒಂದಕ್ಷರ ಸುಳ್ಳಿಲ್ಲ.

ನವೆಂಬರ್ 12, ಶನಿವಾರ

ಬೆಳಿಗ್ಗೆ ತಂತಾದಿಂದ ಹೆಂಗಸರ ಬಸ್ಸು ಬಂತು. ತೋರಿಸಲು ಬೇರೆ ಯಾರೂ ಇರಲಿಲ್ಲ, ನಾನೇ ಹೋದೆ. ಫಲಕದ ಎದುರು ಒಬ್ಬಾಕೆ ನಿಂತಳು, ನನಗಿಂತ ಸ್ವಲ್ಪ ದೊಡ್ಡವಳು, ಅವಳದೂ ಕಪ್ಪು ಬಟ್ಟೆ.

"ಯಾರಮ್ಮ ಈ ಶಹ್ಹಾತ? ಸರ್ಕಾರದ ಗೋಡೆಗೆ ಯಾಕೆ ಕೈ ಒತ್ತಿದ?"

"ನಾನು ಬದುಕಿ ಬಂದೆ ಅಂತ," ಅಂದೆ.

ಅವಳು ಚೀಲ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತಳು. ಪಕ್ಕದಲ್ಲಿ ನನಗೂ ಜಾಗ ಮಾಡಿದಳು. ಆಸ್ಪತ್ರೆಯಿಂದ ಶುರುಮಾಡಿದೆ. ಹೊರಗೆ ಬಸ್ಸಿನವನು ಮೂರು ಸಲ ಹಾರನ್ ಹೊಡೆದ. ನಾಲ್ಕನೆಯ ಸಲಕ್ಕೆ ಅವಳೇ ಎದ್ದು ಕಿಟಕಿಯಿಂದ ಬೈದು ಬಂದು ಮತ್ತೆ ಕೂತಳು.

"ಹ್ಞೂಂ," ಎಂದಳು. "ಆಮೇಲೆ?"